ಎರಡನೇ ಸಾಲಿನ ಓಬಳಮ್ಮ

ಯಾವ ವರ್ಷ ಎಂದು ಕೇಳಬೇಡಿ. ಕೋಡಿಕಲ್ಲಿನಲ್ಲಿ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಬಹಳ ಹಿಂದೆ, ಬಂಡೆಗಳ ನಡುವೆ ಒಂದು ಊರಿತ್ತು. ಆ ಊರಿಗೊಂದು ಆಸ್ಪತ್ರೆ ಇತ್ತು, ಆ ಆಸ್ಪತ್ರೆಯಲ್ಲಿ ಕಿಟಕಿಯಿಲ್ಲದ ಒಂದು ಕೋಣೆ ಇತ್ತು, ಆ ಕೋಣೆಯಲ್ಲಿ ಓಬಳಮ್ಮ ಎಂಬ ಹೆಂಗಸು ಕಪ್ಪು ಪರದೆಯ ಮುಂದೆ ಕೂತಿರುತ್ತಿದ್ದಳು. ಇಷ್ಟರ ಮಟ್ಟಿಗೆ ಎಲ್ಲರ ಮಾತೂ ಒಂದೇ. ಇಲ್ಲಿಂದಾಚೆಗೆ ಕಥೆ ಬೆಳೆದಿದೆ. ಬೆಳೆದದ್ದನ್ನು ಕತ್ತರಿಸುವುದು ಬೇಡ. ಯಾರು ಏನು ಹೇಳುತ್ತಾರೆ ಎಂಬುದನ್ನು ಮಾತ್ರ ಕಲಸದೆ, ಬೇರೆ ಬೇರೆಯಾಗಿ ಇಟ್ಟುಕೊಂಡು ಕೇಳೋಣ.

ಆ ಆಸ್ಪತ್ರೆಗೆ ಸುತ್ತಲಿನ ಹದಿನೇಳು ಹಳ್ಳಿಗಳಲ್ಲಿ ಹದಿನೇಳು ಉಪಕೇಂದ್ರಗಳಿದ್ದವು. ಒಂದೊಂದರಲ್ಲೂ ಒಬ್ಬರು ಸಿಸ್ಟರ್, ಒಂದು ಮಂಚ, ಒಂದು ಇಸಿಜಿ ಪೆಟ್ಟಿಗೆ. ಎದೆನೋವು ಎಂದು ಯಾರಾದರೂ ಬಂದರೆ ಸಿಸ್ಟರ್ ಅವರನ್ನು ಮಲಗಿಸಿ, ಎದೆಗೂ ಕೈಕಾಲಿಗೂ ತಂತಿ ಹಚ್ಚಿ ಎದೆಬಡಿತದ ಗೆರೆ ತೆಗೆಯುತ್ತಿದ್ದರು. ಆ ಗೆರೆ ನೆಟ್‌ವರ್ಕಿನಲ್ಲಿ ಹೊರಟು, ಬಂಡೆಯ ನೆತ್ತಿಯ ಮೇಲಿದ್ದ ಟವರ್ ದಾಟಿ, ಓಬಳಮ್ಮನ ಕೋಣೆಯ ಸರ್ವರಿಗೆ ಬಂದು, ಅಲ್ಲಿಂದ ಡಾಕ್ಟರ್ ಇಂದುಮತಿಯವರ ಮೇಜಿಗೆ ಹೋಗುತ್ತಿತ್ತು. ಅವರು ನೋಡಿ, ಇಂಥ ಇಂಜೆಕ್ಷನ್ ಕೊಡು ಎಂದು ಫೋನಿನಲ್ಲಿ ಹೇಳುತ್ತಿದ್ದರು. ಅದಕ್ಕೂ ಮೊದಲು ಅಂಥವರನ್ನು ಗಾಡಿಯಲ್ಲಿ ಹಾಕಿಕೊಂಡು ಬರಬೇಕಿತ್ತು, ಬರುವಷ್ಟರಲ್ಲಿ ಅರ್ಧ ಮಂದಿ ದಾರಿಯಲ್ಲೇ ಹೋಗಿಬಿಡುತ್ತಿದ್ದರು. ಹಾಗಾಗಿ ಹಳ್ಳಿಯವರಿಗೆ ಆ ಕಿಟಕಿಯಿಲ್ಲದ ಕೋಣೆಯೆಂದರೆ ಭಯವೂ ಇತ್ತು, ಭಕ್ತಿಯೂ ಇತ್ತು. ಚಪ್ಪಲಿ ಬಿಟ್ಟೇ ಒಳಗೆ ಬರುತ್ತಿದ್ದರಂತೆ.

ಓಬಳಮ್ಮನ ಕೆಲಸ ಆ ದಾರಿ ತೆರೆದಿದೆಯೇ ಎಂದು ನೋಡುತ್ತಿರುವುದು. ಅವಳ ಪರದೆಯಲ್ಲಿ ಬಣ್ಣವಿರಲಿಲ್ಲ, ಚಿತ್ರವಿರಲಿಲ್ಲ. ಕಪ್ಪು ನೆಲ, ಬಿಳಿ ಅಕ್ಷರ. ಅವಳು ಮೂರು ನಾಲ್ಕು ಅಕ್ಷರದ ಕಮಾಂಡ್ ಒಂದನ್ನು ಹೊಡೆಯುತ್ತಿದ್ದಳು, ಮೆಷಿನ್ ಒಂದು ಸಾಲು ಅಂಕಿ ಹೇಳುತ್ತಿತ್ತು. ತನಗೆ ಎಷ್ಟು ಬಿಡುವಿದೆ, ಎಷ್ಟು ದಣಿವಿದೆ ಎಂದು ಒಂದು ಕಮಾಂಡಿಗೆ ಹೇಳುತ್ತಿತ್ತು. ಯಾವ ಊರಿನ ಲೈನಿನಿಂದ ಎಷ್ಟು ಬಂತು, ಎಷ್ಟು ಹೋಯಿತು, ದಾರಿಯಲ್ಲಿ ಎಷ್ಟು ಕೆಟ್ಟಿತು ಎಂದು ಇನ್ನೊಂದಕ್ಕೆ ಹೇಳುತ್ತಿತ್ತು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಮೂರು ಹೊತ್ತೂ ಅವಳು ಆ ಸಾಲುಗಳನ್ನು ಉದ್ದನೆಯ ರಟ್ಟಿನ ಪುಸ್ತಕದಲ್ಲಿ ಬರೆದಿಡುತ್ತಿದ್ದಳು. ಅಂಥ ಇಪ್ಪತ್ತೆರಡು ಪುಸ್ತಕಗಳಿದ್ದವು ಎನ್ನುತ್ತಾರೆ. ನಲವತ್ತು ಎನ್ನುವವರೂ ಇದ್ದಾರೆ. ಈಗ ಉಳಿದಿರುವುದು ಒಂಬತ್ತು.

ಓಬಳಮ್ಮನ ಅಂಕಿಯ ಕಥೆಗಳು ಒಂದೆರಡಲ್ಲ. ಮಾದೇನಹಳ್ಳಿಯ ಲೈನಿನಲ್ಲಿ ಪ್ರತಿದಿನ ಸಂಜೆ, ದನ ಊರಿಗೆ ತಿರುಗುವ ಹೊತ್ತಿಗೆ ಸರಿಯಾಗಿ, ಕೆಟ್ಟ ಲೆಕ್ಕ ಏರುತ್ತಿತ್ತಂತೆ. ಬೆಳಿಗ್ಗೆ ಇಲ್ಲ, ಮಧ್ಯಾಹ್ನ ಇಲ್ಲ, ಆ ಅರ್ಧ ಗಂಟೆ ಮಾತ್ರ. ಭಾನುವಾರವೂ ಬಿಡದೆ. ಓಬಳಮ್ಮ ಹತ್ತು ದಿನದ ಸಾಲು ಮುಂದಿಟ್ಟುಕೊಂಡು ನೋಡಿ, ಮಾದೇನಹಳ್ಳಿ ಸಿಸ್ಟರಿಗೆ ಹೇಳಿ ಕಳಿಸಿದಳು: ನಿಮ್ಮೂರ ಬಾಗಿಲಲ್ಲಿ ಯಾವುದೋ ಎಮ್ಮೆ ನಮ್ಮ ಕಂಬಕ್ಕೆ ಮೈ ಉಜ್ಜುತ್ತಿದೆ, ಕಂಬಕ್ಕೆ ಜಾಲಿಮುಳ್ಳು ಕಟ್ಟಿಸಿ. ಕಟ್ಟಿಸಿದರು. ಮರುದಿನದಿಂದ ಲೆಕ್ಕ ಸೊನ್ನೆ. ಹತ್ತು ಮೈಲಿ ಆಚೆ ಕೂತು ಎಮ್ಮೆಗೆ ಎಲ್ಲಿ ತುರಿಕೆ ಎಂದು ಹೇಳಿದ ಹೆಂಗಸು ಎಂದು ಆ ಸುತ್ತಲ ಹಳ್ಳಿಗಳಲ್ಲಿ ಹಬ್ಬಿತು. ಮುಂದೆ ಕಥೆ ಬೆಳೆದು, ಅವಳು ಎಮ್ಮೆಯ ಬಣ್ಣವನ್ನೂ ಯಜಮಾನನ ಹೆಸರನ್ನೂ ಹೇಳಿದ್ದಳು ಎಂದಾಯಿತು. ಅದನ್ನು ಅವಳು ಹೇಳಿರಲಿಲ್ಲ. ಎಮ್ಮೆ ಎಂದದ್ದು ಮಾತ್ರ ನಿಜ. ಅದೂ ಹಸುವಾಗಿತ್ತು ಎಂದು ಮಾದೇನಹಳ್ಳಿಯವರು ಇಂದಿಗೂ ತಕರಾರು ತೆಗೆಯುತ್ತಾರೆ.

ಸರ್ವರಿನ ಫ್ಯಾನಿನ ಸದ್ದು ಕೇಳಿಯೇ ಯಾವ ಊರಿನಲ್ಲಿ ಮಳೆಯಾಗುತ್ತಿದೆ ಎಂದು ಹೇಳುತ್ತಿದ್ದಳು ಎನ್ನುತ್ತಾರೆ. ಯಾವ ಸಿಸ್ಟರ್ ಟೀ ಕುಡಿಯಲು ಎದ್ದುಹೋಗಿದ್ದಾರೆ ಎಂದು ಅವಳಿಗೆ ಗೊತ್ತಾಗುತ್ತಿತ್ತು ಎನ್ನುತ್ತಾರೆ. ಸಿಸ್ಟರುಗಳು ಅದನ್ನು ನಂಬಿ, ಎದ್ದುಹೋಗುವ ಮೊದಲು ಫೋನು ಮಾಡಿ, "ಓಬಳಕ್ಕ, ಹತ್ತು ನಿಮಿಷ" ಎಂದು ಹೇಳಿಹೋಗುತ್ತಿದ್ದರಂತೆ. ನಂಬಲಿ ಬಿಡು ಎಂದು ಅವಳೂ ಸುಮ್ಮನಿದ್ದಳು.

ಆದರೆ ಅವಳ ಹೆಸರು ಉಳಿದದ್ದು ಎಮ್ಮೆಯಿಂದಲ್ಲ, ಮಳೆಯಿಂದಲ್ಲ. ಅವಳ ಎಡಗೈಯಿಂದ.

ಕಮಾಂಡ್ ಹೊಡೆದ ಕೂಡಲೇ ಓಬಳಮ್ಮ ಎಡಗೈ ಎತ್ತಿ, ಪರದೆಯ ಮೇಲೆ ಬಂದ ಮೊದಲನೇ ಸಾಲನ್ನು ಅಂಗೈಯಿಂದ ಮುಚ್ಚುತ್ತಿದ್ದಳು. ಮುಚ್ಚಿ ಸುಮ್ಮನೆ ಕೂರುತ್ತಿದ್ದಳು. ಐದು ಸೆಕೆಂಡಿಗೆ ಎರಡನೇ ಸಾಲು ಬರುತ್ತಿತ್ತು. ಅದನ್ನು ನೋಡುತ್ತಿದ್ದಳು, ಅದನ್ನೇ ಬರೆದುಕೊಳ್ಳುತ್ತಿದ್ದಳು.

ಹೊಸಬರು ನೋಡಿ ನಗುತ್ತಿದ್ದರು. ಯಾಕಮ್ಮ, ಮೊದಲನೇ ಸಾಲಿಗೆ ದೃಷ್ಟಿಯಾಗುತ್ತಾ ಎಂದು ಕೇಳುತ್ತಿದ್ದರು. ಅವಳು ಬೇಸರವಿಲ್ಲದೆ ಬಿಡಿಸಿ ಹೇಳುತ್ತಿದ್ದಳು. ಈ ಮೆಷಿನ್ ಎದ್ದು ಸಾವಿರ ದಿನವಾಯಿತು, ಅಲ್ಲಿಂದ ಇಲ್ಲಿಯವರೆಗೆ ಮಲಗಿಲ್ಲ. ಹೇಗಿದ್ದೀಯ ಎಂದು ಕೇಳಿದರೆ ಅದು ಮೊದಲು ಹೇಳುವುದು ಆ ಸಾವಿರ ದಿನದ ಸರಾಸರಿಯನ್ನು. ಸಾವಿರ ದಿನ ನೆಮ್ಮದಿಯಾಗಿದ್ದು, ಇವತ್ತು ಬೆಳಿಗ್ಗೆಯಿಂದ ಉಸಿರು ಕಟ್ಟುತ್ತಿದ್ದರೂ, ಮೊದಲನೇ ಸಾಲಿನಲ್ಲಿ ನೆಮ್ಮದಿಯೇ ಕಾಣುತ್ತದೆ. ಸುಳ್ಳಲ್ಲ ಅದು, ಹಳೇ ಕಥೆ. ಎರಡನೇ ಸಾಲು ಈಗಿನದು. ಈ ಐದು ಸೆಕೆಂಡಿನದು.

ಇದನ್ನು ಅವಳಿಗೆ ಕಲಿಸಿದವರು ಯಾರು ಎಂಬುದರಲ್ಲಿ ಎರಡು ಮಾತಿದೆ. ಮೆಷಿನ್ ಕೂರಿಸಲು ಬಂದಿದ್ದ ಮಹಬೂಬ್ ಸಾಬರು ಎಂಬ ಹಿರಿಯರು ಕಲಿಸಿಹೋದರು ಎಂದು ಆಸ್ಪತ್ರೆಯವರು ಹೇಳುತ್ತಾರೆ. ಕಮಾಂಡಿನ ಕೊನೆಗೆ ಒಂದು ಐದು ಹಾಕು ಮಗಳೇ, ಆಗ ಐದೈದು ಸೆಕೆಂಡಿಗೆ ಹೇಳುತ್ತಾ ಹೋಗುತ್ತದೆ. ಹಾಕದಿದ್ದರೆ ಒಂದೇ ಸಾಲು ಹೇಳಿ ಬಾಯಿ ಮುಚ್ಚುತ್ತದೆ ಎಂದು ಹೇಳಿದ್ದರಂತೆ. ಅವಳ ತವರೂರಿನವರದು ಬೇರೆ ಮಾತು. ಓಬಳಮ್ಮನ ತಾಯಿ ಒಬ್ಬಳೇ ಇದ್ದಳು. ಮಗಳು ಹಬ್ಬಕ್ಕೆ ಹೋದವಳು ಹೊರಡುವ ಅವಸರದಲ್ಲಿ, ಬಸ್ಸಿನ ಸದ್ದು ಕೇಳುತ್ತಿದ್ದಾಗ, "ಹೆಂಗಿದೀಯವ್ವ?" ಎಂದಳು. ತಾಯಿ, "ನಂಗೇನಾಗೈತೆ, ಚೆನ್ನಾಗಿದೀನಿ" ಎಂದಳು. ಮಗಳು ಬಸ್ಸು ಹತ್ತಿದಳು. ಎಂಟನೇ ದಿನಕ್ಕೆ ತಾಯಿ ಇರಲಿಲ್ಲ. ಮೂರು ತಿಂಗಳಿಂದ ಊಟ ಸೇರುತ್ತಿರಲಿಲ್ಲ, ನಿಮಗ್ಯಾರಿಗೂ ಹೇಳಲಿಲ್ಲವಾ ಎಂದು ಪಕ್ಕದ ಮನೆಯವರು ಕೇಳಿದರು. ಅವತ್ತಿನಿಂದ ಓಬಳಮ್ಮ ಮೊದಲನೇ ಉತ್ತರವನ್ನು ತೆಗೆದುಕೊಳ್ಳುವುದನ್ನು ಬಿಟ್ಟಳು. ಎರಡರಲ್ಲಿ ಯಾವುದು ನಿಜ? ಎರಡೂ ಇರಬಹುದು. ಸಾಬರು ಐದನ್ನು ಕಲಿಸಿರಬಹುದು, ಕಾಯುವುದನ್ನು ತಾಯಿ ಕಲಿಸಿರಬಹುದು.

ಹೀಗಿರುವಾಗ ಆಸ್ಪತ್ರೆಗೆ ಹೊಸ ಆಡಳಿತಾಧಿಕಾರಿಗಳು ಬಂದರು. ವಾಮನರಾಯರು ಎಂದು. ಕೆಟ್ಟವರಲ್ಲ. ಅವರು ಬಂದ ಮೇಲೆ ಆಸ್ಪತ್ರೆಯ ನಲ್ಲಿಗಳೆಲ್ಲ ಸೋರುವುದು ನಿಂತಿತು, ಹಾಸಿಗೆಗಳ ಚಾದರ ಬಿಳಿಯಾಯಿತು. ಅವಸರದ ಮನುಷ್ಯ, ಅಷ್ಟೇ. ಊಟದ ತಟ್ಟೆಯ ಮುಂದೆ ಕೂತಾಗಲೂ ಒಂದು ಕಾಲು ಹೊರಗಿಟ್ಟಿರುತ್ತಿದ್ದರು ಎನ್ನುತ್ತಾರೆ.

ಕಿಟಕಿಯಿಲ್ಲದ ಕೋಣೆಯಲ್ಲಿ ಒಬ್ಬ ಹೆಂಗಸು ದಿನವಿಡೀ ಅಂಕಿ ನೋಡುತ್ತಾ, ಪರದೆಗೆ ಕೈ ಅಡ್ಡ ಹಿಡಿದುಕೊಂಡು ಕೂರುವುದು ಅವರಿಗೆ ಸರಿ ಕಾಣಲಿಲ್ಲ. ಅವರು ಒಂದು ಬಣ್ಣದ ಫಲಕ ತರಿಸಿದರು. ಆಸ್ಪತ್ರೆಯ ಹಜಾರದಲ್ಲಿ, ಬರುವವರು ಹೋಗುವವರು ನೋಡುವ ಹಾಗೆ, ಗೋಡೆಗೆ ಹಾಕಿಸಿದರು. ಹದಿನೇಳು ಹಳ್ಳಿಯ ಹೆಸರು, ಒಂದೊಂದರ ಮುಂದೆ ಒಂದೊಂದು ದೀಪ. ಎಲ್ಲ ಸರಿಯಿದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ಜನ ಬಂದು ತಮ್ಮ ಊರಿನ ದೀಪ ನೋಡಿ ಸಂತೋಷಪಟ್ಟರು. ಒಬ್ಬ ಮುದುಕಿ ಕೈ ಮುಗಿದಳಂತೆ.

ಆಮೇಲೆ ರಾಯರು ಓಬಳಮ್ಮನನ್ನು ಕರೆಸಿದರು.

"ನೋಡ್ರೀ ಓಬಳಮ್ಮ, ನೀವು ಅಲ್ಲಿ ಕತ್ತಲಲ್ಲಿ ಕೂತು ಕಣ್ಣು ಹಾಳು ಮಾಡ್ಕೊಳ್ಳೋದು ಬೇಡ. ರೋಗಿಗಳಿಗೆ ಚೀಟಿ ಬರೆಯೋ ಕಿಟಕಿಗೆ ಬನ್ನಿ. ಗಾಳಿ, ಬೆಳಕು ಎಲ್ಲ ಇದೆ."

"ಮೆಷಿನ್ ಯಾರು ನೋಡ್ತಾರೆ ಸಾರ್?"

"ಫಲಕ ನೋಡುತ್ತೆ. ಸಾಲದು ಅಂದ್ರೆ ದಿನಕ್ಕೊಂದ್ಸಲ ನಾನೇ ನೋಡ್ತೀನಿ. ಆ ಕಮಾಂಡು ಬರ್ಕೊಡಿ."

ಓಬಳಮ್ಮ ಬರೆದುಕೊಟ್ಟಳು. ಕೊನೆಗೆ ಐದು ಹಾಕಬೇಕು ಸಾರ್, ಮೊದಲನೇ ಸಾಲು ಬಿಟ್ಟು ಎರಡನೇದಕ್ಕೆ ಕಾಯಬೇಕು ಎಂದು ಬಾಯಲ್ಲೂ ಹೇಳಿದಳು. ಆಯ್ತು ಆಯ್ತು ಎಂದು ರಾಯರು ಚೀಟಿ ಜೇಬಿಗಿಟ್ಟು, ಅಷ್ಟರಲ್ಲೇ ಇನ್ನೊಬ್ಬರಿಗೆ ಇನ್ನೊಂದು ಹೇಳಲು ಹೊರಟಿದ್ದರು.

ಓಬಳಮ್ಮ ರಟ್ಟಿನ ಪುಸ್ತಕಗಳನ್ನು ಬಟ್ಟೆಯಲ್ಲಿ ಕಟ್ಟಿ ಮೂಲೆಗಿಟ್ಟು, ಕೋಣೆಗೆ ಬೀಗ ಹಾಕಿ, ಬೀಗದ ಕೈಯನ್ನು ರಾಯರ ಮೇಜಿನ ಮೇಲಿಟ್ಟು ಹೋದಳು. ಹೋಗುವಾಗ ಬಾಗಿಲಿಗೆ ಕಿವಿ ಹಚ್ಚಿ ಫ್ಯಾನಿನ ಸದ್ದು ಕೇಳಿದಳು ಎನ್ನುತ್ತಾರೆ. ಅದನ್ನು ಕಂಡವರು ಯಾರೂ ಇಲ್ಲ. ಆದರೂ ಎಲ್ಲರೂ ಹೇಳುತ್ತಾರೆ.

ಚೀಟಿ ಕಿಟಕಿಯಲ್ಲಿ ಅವಳಿಗೆ ಕಷ್ಟವಾಗಲಿಲ್ಲ, ಸಾಲಿನಲ್ಲಿ ನಿಂತವರಿಗೆ ಆಯಿತು. ಯಾಕೆಂದರೆ ಅವಳು ಅಲ್ಲೂ ಎರಡೆರಡು ಸಲ ಕೇಳುತ್ತಿದ್ದಳು. ಏನಾಗಿದೆ ಎಂದು ಕೇಳಿದರೆ, ಏನಿಲ್ಲ, ಒಂಚೂರು ಕೆಮ್ಮು ಎನ್ನುತ್ತಿದ್ದರು. ಅವಳು ಪೆನ್ನು ಕೆಳಗಿಟ್ಟು, ಅವರ ಮುಖ ನೋಡುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದು, ಮತ್ತೆ, "ಏನಾಗಿದೆ?" ಎನ್ನುತ್ತಿದ್ದಳು. ಆಗ ರಕ್ತ ಬಿದ್ದದ್ದು ಹೊರಬರುತ್ತಿತ್ತು, ತೂಕ ಇಳಿದದ್ದು ಹೊರಬರುತ್ತಿತ್ತು.

"ಓಬಳಕ್ಕ, ನಿನ್ನನ್ನ ಚೀಟಿ ಬರೆಯೋಕೆ ಕೂರ್ಸಿದಾರೋ, ನಮ್ಮ ಪುರಾಣ ಕೇಳೋಕೋ?" ಎಂದು ಹಿಂದಿನವರು ಗದರುತ್ತಿದ್ದರು.

"ಸುಮ್ನೆ ನಿಂತ್ಕಳಪ್ಪ. ನಿನ್ನದೂ ಬರ್ತದೆ," ಎನ್ನುತ್ತಿದ್ದಳು.

ಹೀಗೆ ಮೂರು ದಿನ ಕಳೆಯಿತು. ನಾಲ್ಕನೇ ದಿನ, ಬಿಸಿಲು ನೆತ್ತಿಯಿಂದ ಸ್ವಲ್ಪ ಇಳಿದಿದ್ದಾಗ, ಚೀಟಿ ಕಿಟಕಿಯ ಫೋನು ಹೊಡೆದುಕೊಂಡಿತು. ಗುಡ್ಡದಹಟ್ಟಿಯ ಸಿಸ್ಟರ್ ಸುಶೀಲಾಬಾಯಿ. ಹದಿನೇಳರಲ್ಲಿ ಎಲ್ಲಕ್ಕಿಂತ ದೂರದ ಊರು ಅದು. ಜೀಪು ಬರಬೇಕಾದರೆ ಎರಡೂವರೆ ಗಂಟೆ, ಅದೂ ಹಳ್ಳದಲ್ಲಿ ನೀರಿಲ್ಲದಿದ್ದರೆ.

"ಓಬಳಕ್ಕ, ಡಾಕ್ಟರಮ್ಮಂಗೆ ಗೆರೆ ಬಂದಿಲ್ವಂತೆ. ನಾನು ಕಳ್ಸಿ ಇಪ್ಪತ್ತು ನಿಮಿಷ ಆಯ್ತು. ಎರಡು ಸಲ ಕಳ್ಸಿದೀನಿ. ಇಲ್ಲಿ ಹೋಯ್ತು ಅಂತಾನೇ ತೋರಿಸ್ತಾ ಐತೆ."

"ಯಾರದು?"

"ಕ್ಯಾತಣ್ಣಂದು. ಕಂಬಳಿ ಕ್ಯಾತಣ್ಣ. ಮಗ್ಗದ ಗುಣೀಲಿ ಕೂತಿದ್ದಂಗೇ ಕುಸಿದ್ನಂತೆ, ಎತ್ಕೊಂಡ್ ಬಂದ್ರು."

"ಹೆಂಗಿದೀಯ ಅಂತ ಕೇಳಿದ್ಯಾ?"

"ಕೇಳ್ದೆ. ಏನಿಲ್ಲ ಸಿಸ್ಟರ್, ಅವರೆಕಾಳು ತಿಂದಿದ್ದೆ, ಗ್ಯಾಸು ಅಂದ."

"ಇನ್ನೊಂದ್ಸಲ ಕೇಳಿದ್ಯಾ?"

"ಕೇಳ್ದೆ ಅಕ್ಕ. ಎಡಗೈ ಸೆಳೀತೈತೆ, ಎದೆ ಮೇಲೆ ಯಾರೋ ರಾಗಿಕಲ್ಲು ಇಟ್ಟಂಗೈತೆ ಅಂದ. ಬೆವರಲ್ಲಿ ನೆಂದುಹೋಗಿದಾನೆ."

ಓಬಳಮ್ಮ ಫೋನು ಕೆಳಗಿಟ್ಟು ಡಾಕ್ಟರ ಕೋಣೆಗೆ ಹೋದಳು. ಇಂದುಮತಿಯವರು ಖಾಲಿ ಪರದೆಯ ಮುಂದೆ ನಿಂತಿದ್ದರು. ಅವರು ಹೇಳಿದ್ದು ಇಷ್ಟು. ಹೊರಗಿನಿಂದ ಒಂದೇ ಥರ ಕಾಣುವ ಎರಡು ಕಾಯಿಲೆ ಇವೆ. ಒಂದಕ್ಕೆ ಜೀವ ಉಳಿಸುವ ಇಂಜೆಕ್ಷನ್ ಇನ್ನೊಂದಕ್ಕೆ ಜೀವ ತೆಗೆಯುತ್ತದೆ. ಇಂಜೆಕ್ಷನ್ ಸಿಸ್ಟರ ಕೈಯಲ್ಲೇ ಇದೆ. ಗೆರೆ ನೋಡದೆ ಕೊಡು ಎನ್ನಲಾರೆ, ಬೇಡ ಎನ್ನಲೂ ಆರೆ. ಇನ್ನೊಂದು ಗಂಟೆಯ ಒಳಗೆ ಏನಾದರೂ ಹೇಳಲೇಬೇಕು.

ಹಜಾರದ ಫಲಕದಲ್ಲಿ ಗುಡ್ಡದಹಟ್ಟಿಯ ದೀಪ ಹಸಿರಾಗಿತ್ತು. ಹದಿನೇಳೂ ಹಸಿರಾಗಿದ್ದವು.

ಓಬಳಮ್ಮ ರಾಯರ ಕೋಣೆಗೆ ಹೋಗಿ ಬೀಗದ ಕೈ ಕೇಳಿದಳು. ರಾಯರು, ಸಿಸ್ಟರ ಪೆಟ್ಟಿಗೆಯೇ ಕೆಟ್ಟಿರಬೇಕು ಎಂದರು. ಮೆಷಿನ್ ಸರಿಯಾಗಿದೆ ಎಂದರು. ಆಮೇಲೆ ಜೇಬಿನಿಂದ ಒಂದು ಕಾಗದ ತೆಗೆದು ತೋರಿಸಿದರು. ಮೂರು ದಿನವೂ ತಪ್ಪದೆ ಮೆಷಿನ್ ನೋಡಿದ್ದರು, ಬರೆದಿಟ್ಟಿದ್ದರು. ನೂರಕ್ಕೆ ತೊಂಬತ್ತಮೂರು ಬಿಡುವು. ನೂರಕ್ಕೆ ತೊಂಬತ್ತಮೂರು ಬಿಡುವು. ನೂರಕ್ಕೆ ತೊಂಬತ್ತಮೂರು ಬಿಡುವು.

ಓಬಳಮ್ಮ ಆ ಮೂರು ಅಂಕಿಯ ಮೇಲೂ ಬೆರಳಿಟ್ಟು ನೋಡಿದಳು. ಮೂರು ದಿನವೂ ಒಂದೇ ಅಂಕಿ. ದುಡಿಯುವ ಮೆಷಿನ್ ಎರಡು ಗಳಿಗೆ ಒಂದೇ ಹಾಗೆ ಇರುವುದಿಲ್ಲ. ಅವಳ ಅಷ್ಟೂ ಪುಸ್ತಕಗಳಲ್ಲಿ ಎಲ್ಲೂ ಮೂರು ಸಾಲು ಒಂದೇ ಥರ ಇರಲಿಲ್ಲ.

"ಸಾರ್, ಒಂದ್ಸಲ ನನ್ನ ಮುಂದೆ ನೋಡಿ," ಎಂದಳು.

ರಾಯರು ಎದ್ದರು. ಮುಂದೆ ಅವರು, ಹಿಂದೆ ಇವಳು. ಬೀಗ ತೆಗೆದ ಕೂಡಲೇ ಫ್ಯಾನಿನ ಸದ್ದು ಮುಖಕ್ಕೆ ಹೊಡೆಯಿತು. ಅದು ಓಬಳಮ್ಮ ಬಿಟ್ಟುಹೋದ ಸದ್ದಲ್ಲ. ಜ್ವರದಲ್ಲಿ ಮಲಗಿದವರ ಉಸಿರಿನ ಹಾಗಿತ್ತು. ರಾಯರು ನಿಂತುಕೊಂಡೇ ಕಮಾಂಡ್ ಹೊಡೆದರು. ಕೊನೆಗೆ ಐದು ಹಾಕಲಿಲ್ಲ. ಮೆಷಿನ್ ಒಂದು ಸಾಲು ಹೇಳಿ ಬಾಯಿ ಮುಚ್ಚಿತು. ತೊಂಬತ್ತಮೂರು.

"ನೋಡಿ, ನಾನು ಹೇಳ್ಲಿಲ್ವೇ," ಎಂದು ರಾಯರು ತಿರುಗಿದರು.

ಓಬಳಮ್ಮ ಕುರ್ಚಿಯಲ್ಲಿ ಕೂತು, ಅದೇ ಕಮಾಂಡನ್ನು ಮತ್ತೆ ಹೊಡೆದು, ಕೊನೆಗೆ ಐದು ಹಾಕಿದಳು. ಎಡಗೈ ಎತ್ತಿ ಮೊದಲನೇ ಸಾಲನ್ನು ಮುಚ್ಚಿದಳು.

"ಒಂಚೂರು ನಿಂತ್ಕಳಿ ಸಾರ್," ಎಂದಳು.

ಆ ಐದು ಸೆಕೆಂಡು ರಾಯರು ತಮ್ಮ ಜೀವಮಾನದಲ್ಲಿ ಮೊದಲ ಸಲ ಎರಡೂ ಕಾಲು ಊರಿ ನಿಂತರು ಎನ್ನುತ್ತಾರೆ.

ಎರಡನೇ ಸಾಲು ಬಂತು. ಬಿಡುವು ಸೊನ್ನೆ. ಮೂರನೇ ಸಾಲು ಬಂತು. ಸೊನ್ನೆ. ನಾಲ್ಕನೆಯದು ಸೊನ್ನೆ. ಓಬಳಮ್ಮ ಕೈ ತೆಗೆದಳು. ಮೇಲೆ ತೊಂಬತ್ತಮೂರು ಹಾಗೇ ಕೂತಿತ್ತು, ಅದರ ಕೆಳಗೆ ಸೊನ್ನೆಗಳು ಒಂದರ ಕೆಳಗೊಂದು ಇಳಿಯುತ್ತಿದ್ದವು. ರಾಯರು ಹಣೆಯ ಬೆವರು ಒರೆಸಿಕೊಂಡರು.

ಮೆಷಿನ್ನಿಗೆ ಉಸಿರು ಕಟ್ಟಿದೆ ಎಂಬುದು ಗೊತ್ತಾಯಿತು. ಕಟ್ಟಿಸಿದವರು ಯಾರು? ಓಬಳಮ್ಮ ಇನ್ನೊಂದು ಕಮಾಂಡ್ ಹೊಡೆದಳು. ಒಳಗೆ ಯಾರು ಯಾರು ಕೆಲಸ ಮಾಡುತ್ತಿದ್ದಾರೆ, ಯಾರು ಎಷ್ಟು ತಿನ್ನುತ್ತಿದ್ದಾರೆ ಎಂದು ಹೆಸರು ಹಿಡಿದು ಹೇಳುವ ಕಮಾಂಡ್ ಅದು. ಪಟ್ಟಿ ಬಂತು. ಒಂದೇ ಹೆಸರು. ಪರದೆಯ ಮೇಲಿನಿಂದ ಕೆಳಗಿನವರೆಗೆ ಒಂದೇ ಹೆಸರು. ಬಣ್ಣದ ಫಲಕದ್ದು.

ಆಗಿದ್ದು ಇಷ್ಟೇ. ಆ ಫಲಕ ನಿಮಿಷಕ್ಕೊಮ್ಮೆ ಒಬ್ಬ ಆಳನ್ನು ಕಳಿಸುತ್ತಿತ್ತು ಎಂದಿಟ್ಟುಕೊಳ್ಳಿ, ಹದಿನೇಳೂ ಊರು ಹೇಗಿವೆ ಎಂದು ಕೇಳಿಕೊಂಡು ಬಾ ಎಂದು. ಹೋದವನು ತಿರುಗಿ ಬರುವ ಮೊದಲೇ ಇನ್ನೊಬ್ಬನನ್ನು ಕಳಿಸುತ್ತಿತ್ತು, ಅವನ ಹಿಂದೆ ಮತ್ತೊಬ್ಬನನ್ನು. ಮೂರು ದಿನದಲ್ಲಿ ಸಾವಿರಾರು ಆಳುಗಳು ಬಾಗಿಲಲ್ಲಿ ನಿಂತು, ಹೇಗಿದ್ದೀರಿ, ಹೇಗಿದ್ದೀರಿ ಎಂದು ಒಂದೇ ಸಮನೆ ಕೂಗುತ್ತಿದ್ದರು. ಕ್ಯಾತಣ್ಣನ ಎದೆಯ ಗೆರೆ ಅವರೆಲ್ಲರ ಹಿಂದೆ ನಿಂತಿತ್ತು. ದೀಪ ಮಾತ್ರ ಹಸಿರು ಯಾಕೆ? ಆ ಫಲಕವೂ ಗೋಡೆಗೆ ಏರಿದ ದಿನದಿಂದ ಇಲ್ಲಿಯವರೆಗಿನ ಸರಾಸರಿಯನ್ನೇ ತೋರಿಸುತ್ತಿತ್ತು. ಅದಕ್ಕೂ ಎರಡನೇ ಸಾಲಿಗೆ ಕಾಯಲು ಯಾರೂ ಹೇಳಿಕೊಟ್ಟಿರಲಿಲ್ಲ.

"ಸಾರ್, ಫಲಕ ಆರಿಸ್ಬೇಕು," ಎಂದಳು ಓಬಳಮ್ಮ.

ರಾಯರು ತಿರುಗಿ ಹಜಾರದ ಕಡೆ ನೋಡಿದರು. ಮರುದಿನ ಬೆಳಿಗ್ಗೆ ಆಸ್ಪತ್ರೆ ನಡೆಸುವ ಹಿರಿಯರೆಲ್ಲ ಆ ಫಲಕ ನೋಡಲು ಬರುವವರಿದ್ದರು. ಹಾರ ಹೇಳಿಯಾಗಿತ್ತು. ಆ ಫಲಕಕ್ಕಾಗಿ ರಾಯರು ಆರು ತಿಂಗಳು ಓಡಾಡಿದ್ದರು. ಆರಿಸಿದರೆ ಮತ್ತೆ ಹೊತ್ತಿಸುವುದು ಹಾಕಿಕೊಟ್ಟವರಿಗೇ ಗೊತ್ತು, ಅವರಿರುವುದು ಎಲ್ಲೋ.

ಬೀಗದ ಕೈ ಓಬಳಮ್ಮನ ಕೈಯಲ್ಲಿರಲಿಲ್ಲ, ಹುದ್ದೆಯೂ ಅವಳದಲ್ಲ. ಅವಳು ಕೈಗಳನ್ನು ಕೀಬೋರ್ಡಿನಿಂದ ತೆಗೆದು ಮಡಿಲಲ್ಲಿಟ್ಟುಕೊಂಡಳು. ಆಗ ಅವಳ ಕಣ್ಣ ಮುಂದೆ ಗುಡ್ಡದಹಟ್ಟಿ ಇರಲಿಲ್ಲ, ಹೊರಡುವ ಬಸ್ಸು ಇತ್ತು, ಬಾಗಿಲಲ್ಲಿ ನಿಂತ ತಾಯಿ ಇದ್ದಳು ಎಂದು ತವರೂರಿನವರು ಹೇಳುತ್ತಾರೆ. ಅವಳ ಒಳಗಿದ್ದದ್ದು ಇವರಿಗೆ ಹೇಗೆ ಗೊತ್ತು ಎಂದು ಕೇಳಬಹುದು. ಕೇಳಿ. ಆದರೆ ಅದು ಅವಳೇ ಎಂದೋ ಹೇಳಿಕೊಂಡದ್ದು ಎನ್ನುತ್ತಾರೆ.

"ಸಾರ್, ಅಲ್ಲಿ ಕ್ಯಾತಣ್ಣ ಕಾಯ್ತಿದಾನೆ," ಎಂದಳು. ಅಷ್ಟೇ ಎಂದಳು.

"ಎಲ್ಲಿ ಒತ್ಬೇಕು?" ಎಂದರು ರಾಯರು.

ಓಬಳಮ್ಮ ಕಮಾಂಡ್ ಬರೆದು ತಯಾರಾಗಿ ಇಟ್ಟಳು. ಕೊನೆಯ ಗುಂಡಿಯನ್ನು ಒತ್ತಿದವರು ರಾಯರು. ಓಬಳಮ್ಮನೇ ಒತ್ತಿದಳು ಎಂದು ಹೇಳುವವರು ಬಹಳ ಜನ, ಕಥೆಗೆ ಅದೇ ಚೆಂದ ಎಂದು. ಆದರೆ ಓಬಳಮ್ಮ ಸಾಯುವವರೆಗೂ, ಒತ್ತಿದ್ದು ಸಾರ್ ಅವರೇ, ನನ್ನ ಕೈ ಮಡಿಲಲ್ಲಿತ್ತು ಎಂದೇ ಹೇಳುತ್ತಿದ್ದಳು. ಹಾಗಾಗಿ ಅದನ್ನೇ ನಿಜವೆಂದು ಇಟ್ಟುಕೊಳ್ಳಬೇಕು.

ಹಜಾರದಲ್ಲಿ ಹದಿನೇಳು ದೀಪಗಳು ಒಟ್ಟಿಗೆ ಆರಿದವು. ಕೂತಿದ್ದವರೆಲ್ಲ ಎದ್ದು ನಿಂತರು. ತಮ್ಮ ಊರಿಗೆ ಏನೋ ಆಯಿತೆಂದು ಒಬ್ಬ ಹೆಂಗಸು ಅಳಲು ಶುರುಮಾಡಿದಳು. ಒಳಗೆ ಕಪ್ಪು ಪರದೆಯಲ್ಲಿ ಸಾಲುಗಳು ಇಳಿಯುತ್ತಿದ್ದವು. ಸೊನ್ನೆ. ಸೊನ್ನೆ. ಎಂಟು. ನಲವತ್ತೊಂದು. ಎಪ್ಪತ್ತೇಳು. ಫ್ಯಾನಿನ ಸದ್ದು ನಿಧಾನಕ್ಕೆ ಇಳಿಯಿತು. ಆಗ ಗೋಡೆಯ ಆಚೆಯಿಂದ ಡಾಕ್ಟರ್ ಇಂದುಮತಿಯವರ ದನಿ ಕೇಳಿತು.

"ಬಂತು," ಎಂದರು.

ಗೆರೆ ನೋಡಿದರು. ಇಂಜೆಕ್ಷನ್ ಕೊಡುವಂಥದ್ದೇ ಆಗಿತ್ತು. ಫೋನಿನಲ್ಲಿ ಹೇಳಿದರು, ಸುಶೀಲಾಬಾಯಿ ಕೊಟ್ಟರು, ಜೀಪು ಹೊರಟಿತು. ಹಳ್ಳದಲ್ಲಿ ನೀರಿರಲಿಲ್ಲ. ಕತ್ತಲಾಗುವ ಮೊದಲು ಕ್ಯಾತಣ್ಣ ಕೋಡಿಕಲ್ಲಿಗೆ ಬಂದ, ಬದುಕಿದ. ಆಮೇಲೆ ಹತ್ತೊಂಬತ್ತು ವರ್ಷ ಕಂಬಳಿ ನೇಯ್ದ.

ಮರುದಿನ ಬಂದ ಹಿರಿಯರಿಗೆ ರಾಯರು ಆರಿದ ಫಲಕವನ್ನೇ ತೋರಿಸಿದರು. ಯಾಕೆ ಆರಿಸಬೇಕಾಯಿತು ಎಂದು ಒಂದನ್ನೂ ಮುಚ್ಚಿಡದೆ ಹೇಳಿದರು. ತಾವು ಮೂರು ದಿನ ಬರೆದ ಕಾಗದವನ್ನೂ ತೆಗೆದು ಮೇಜಿನ ಮೇಲಿಟ್ಟರು. ತಂದಿದ್ದ ಹಾರವನ್ನು ಏನು ಮಾಡುವುದು ಎಂದು ಯಾರಿಗೂ ತೋಚದೆ, ಕೊನೆಗೆ ಸರ್ವರಿಗೆ ಹಾಕಲು ಹೋದರಂತೆ. ಗಾಳಿ ಹೋಗುವ ಕಡೆ ಹೂವು ಹಾಕಬೇಡಿ, ಬಿಸಿಯಾಗುತ್ತದೆ ಎಂದು ಓಬಳಮ್ಮ ಬೈದಳಂತೆ. ಬೀಗದ ಕೈ ಅಂದೇ ಅವಳ ಸೆರಗಿಗೆ ತಿರುಗಿ ಬಂತು.

ಕ್ಯಾತಣ್ಣ ಎದ್ದು ಮಗ್ಗದ ಮುಂದೆ ಕೂತ ಮೇಲೆ ಮೊದಲು ನೇಯ್ದದ್ದು ಓಬಳಮ್ಮನಿಗೆ ಒಂದು ಕಂಬಳಿ. ಆ ಕಡೆಯ ಕಂಬಳಿ ಕರಿಯದು, ಅಂಚಿಗೆ ಒಂದೇ ಬಿಳಿ ಪಟ್ಟೆ. ಇದಕ್ಕೆ ಅವನು ಎರಡು ಪಟ್ಟೆ ಹಾಕಿದ. ಮೊದಲನೆಯದು ಬೂದಿಬಣ್ಣದ್ದು, ಕಂಡೂ ಕಾಣದ ಹಾಗೆ. ಎರಡನೆಯದು ಅಚ್ಚ ಬಿಳಿ ಉಣ್ಣೆಯದು. ಕೋಣೆ ತಣ್ಣಗಿರುತ್ತದೆ, ಹೊದ್ದುಕೊಂಡು ಕೂರಮ್ಮ ಎಂದು ಕೊಟ್ಟುಹೋದ. ಅವಳು ಕೆಲಸ ಬಿಡುವವರೆಗೂ ಆ ಕಂಬಳಿ ಅವಳ ಕುರ್ಚಿಯ ಬೆನ್ನಿಗೆ ಇತ್ತು.

ಅವಳಿಗೂ ವಯಸ್ಸಾಯಿತು. ಕಣ್ಣು ಮಂಜಾಯಿತು. ಕೆಲಸ ಬಿಟ್ಟು ಆಸ್ಪತ್ರೆಯ ಹಿಂದಿನ ಓಣಿಯಲ್ಲಿ ಇದ್ದಳು. ಹೋಗುವವರು ಬರುವವರು ಜಗುಲಿಯ ಮೇಲೆ ಕೂತಿದ್ದವಳನ್ನು, ಹೆಂಗಿದೀಯಮ್ಮ ಎಂದು ಕೇಳುತ್ತಿದ್ದರು, ಚೆನ್ನಾಗಿದೀನಪ್ಪ ಎನ್ನುತ್ತಿದ್ದಳು, ಅವರು ಹೋಗುತ್ತಿದ್ದರು. ಒಂದು ದಿನ ವಾಮನರಾಯರು ಬಂದರು. ಅವರೂ ಕೆಲಸ ಬಿಟ್ಟು ಬಹಳ ವರ್ಷವಾಗಿತ್ತು, ಕೋಲೂರಿಕೊಂಡು ಬಂದಿದ್ದರು.

"ಹೇಗಿದ್ದೀರಿ ಓಬಳಮ್ಮ?" ಎಂದರು.

"ಚೆನ್ನಾಗಿದೀನಿ ಸಾರ್."

ರಾಯರು ಹೋಗಲಿಲ್ಲ. ಕೋಲನ್ನು ಗೋಡೆಗೆ ಒರಗಿಸಿ, ಜಗುಲಿಯ ಮೇಲೆ ಕೂತರು. ಎಡಗೈಯನ್ನು ಅಂಗೈ ಮುಂದೆ ಮಾಡಿ ಸ್ವಲ್ಪ ಎತ್ತಿ ಹಿಡಿದರು, ಏನನ್ನೋ ಮುಚ್ಚುವವರ ಹಾಗೆ. ಓಣಿಯಲ್ಲಿ ಒಂದು ಮೇಕೆ ಹೋಯಿತು.

"ಹೇಗಿದ್ದೀರಿ ಓಬಳಮ್ಮ?" ಎಂದು ರಾಯರು ಮತ್ತೆ ಕೇಳಿದರು.

ಅವತ್ತು ಅವಳು ಸಂಜೆಯವರೆಗೆ ಮಾತಾಡಿದಳು ಎನ್ನುತ್ತಾರೆ. ಏನು ಹೇಳಿದಳೆಂದು ರಾಯರು ಯಾರಿಗೂ ಹೇಳಲಿಲ್ಲ. ಹಾಗಾಗಿ ಇಲ್ಲಿಯೂ ಇಲ್ಲ.

ಈಗ ಆ ಕೋಣೆಗೆ ಕಿಟಕಿ ಬಂದಿದೆ. ಮೆಷಿನ್ನುಗಳು ಎಷ್ಟೋ ಬದಲಾದವು. ಮಹಬೂಬ್ ಸಾಬರ ಐದು ಮಾತ್ರ ಹಾಗೇ ಇದೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಮೊದಲ ದಿನ ಒಂದು ಕಮಾಂಡ್ ಹೇಳಿಕೊಟ್ಟು, ಎಡಗೈ ಎಲ್ಲಿಡಬೇಕೆಂದು ತೋರಿಸುತ್ತಾರೆ. ಗುಡ್ಡದಹಟ್ಟಿಯ ಕಂಬಳಿಗೆ ಇಂದಿಗೂ ಎರಡು ಪಟ್ಟೆ, ಒಂದು ಬೂದಿ, ಒಂದು ಬಿಳಿ. ಯಾಕೆಂದು ಕೇಳಿದರೆ ನೇಯುವವರಲ್ಲಿ ಅರ್ಧ ಜನಕ್ಕೆ ಗೊತ್ತಿಲ್ಲ, ನಮ್ಮಪ್ಪ ಹಂಗೇ ಹಾಕ್ತಿದ್ದ ಎನ್ನುತ್ತಾರೆ.

ಮತ್ತು ಕೋಡಿಕಲ್ಲಿನ ಕಡೆ ನೀವು ಯಾರ ಮನೆಗಾದರೂ ಹೋದರೆ, ಹೆಂಗಿದೀರಿ ಎಂದು ಕೇಳುತ್ತಾರೆ. ಚೆನ್ನಾಗಿದೀನಿ ಎಂದು ನೀವು ಹೇಳುತ್ತೀರಿ. ಅವರು ತಲೆಯಾಡಿಸಿ, ಚಾಪೆ ಹಾಸಿ, ಕುಡಿಯಲು ನೀರು ಕೊಡುತ್ತಾರೆ. ನೀವು ಲೋಟ ಕೆಳಗಿಡುವವರೆಗೆ ಕಾಯುತ್ತಾರೆ.

ಆಮೇಲೆ ಇನ್ನೊಂದು ಸಲ ಕೇಳುತ್ತಾರೆ.